ಪಟ್ಟಿಗೆ ಸೇರದ ಕಾಲು

ಎಡಗಾಲಿಗೆ ಗಂಡಸಿನ ಬೂಟು, ಬಲಗಾಲಿಗೆ ಹೆಂಗಸಿನ ಹೈಹೀಲ್ಸ್ ಹಾಕಿಕೊಂಡು ಅವಳು ಕಲ್ಲುಚಪ್ಪಡಿಯ ಮೇಲೆ ಒಬ್ಬಳೇ ಜಗಳವಾಡುತ್ತಿದ್ದಳು. ಬೂಟು ನೆಲಕ್ಕೆ ಅಪ್ಪಳಿಸಿತು. ಹೀಲ್ಸ್ ಒಂದು ಗಳಿಗೆ ಸುಮ್ಮನಿತ್ತು, ಸುಮ್ಮನಿದ್ದು ಸಾಕಾಗಿ ತಿರುಗಿ ಹೊರಟಿತು, ಬೂಟು ಅದರ ಬೆನ್ನಿಗೆ ಬಿತ್ತು. ಎದುರಿನ ಪರದೆಯ ಮೇಲೆ ಗಂಡ ಹೆಂಡತಿ ಬಾಯಿ ಆಡಿಸುತ್ತಿದ್ದರು, ದನಿ ಇರಲಿಲ್ಲ. ಆ ಸಂಸಾರದಲ್ಲಿ ಸದ್ದು ಅಂತ ಇದ್ದದ್ದು ಅವಳ ಎರಡು ಕಾಲು ಮಾತ್ರ.

"ಅಕ್ಕಾ," ಗೋಡೆಯ ಸ್ಪೀಕರಿನಿಂದ ಒಂದು ದನಿ ತೂರಿಬಂತು, "ಸಂಕಲನಕ್ಕೆ ಯಾರನ್ನ ಹಾಕ್ಲಿ?"

ಹೀಲ್ಸ್ ಅರ್ಧ ದಾರಿಯಲ್ಲಿ ಎಡವಿತು.

"ಟೇಕ್ ನಡೀತಿದೆ ಕಣೋ ದರಿದ್ರದವನೇ!"

"ಹೋದ್ರೆ ಹೋಗ್ಲಿ ಬಿಡಿ, ಇನ್ನೊಂದು ತಗೊಳ್ಳೋಣ. ನಾಳೆ ಹನ್ನೊಂದಕ್ಕೆ ಪ್ರಶಸ್ತಿ ಪಟ್ಟಿ ಬಂದ್ಬಿಟ್ರೆ ನನ್ನ ಚೀಟಿ ಯಾರು ಮೂಸಿ ನೋಡ್ತಾರೆ?"

ಗಾಜಿನ ಆಚೆ ಕೂತು ಕೇಳುತ್ತಿದ್ದವನು ಮಿಕ್ಸಿಂಗ್ ಇಂಜಿನಿಯರ್. ಊಟ ಮಾಡುವಾಗಲೂ ಅವನ ಎಡಗೈಯ ಬೆರಳುಗಳು ಮೇಜಿನ ಅಂಚನ್ನು ಮೇಲಕ್ಕೂ ಕೆಳಕ್ಕೂ ಸವರುತ್ತಿದ್ದವು, ಫೇಡರ್ ಸರಿಸಿ ಸದ್ದು ಏರಿಸಿ ಇಳಿಸಿದ ಹಾಗೆ. ಅದಕ್ಕೇ ಎಲ್ಲರೂ ಅವನನ್ನು ಫೇಡರ್ ಎನ್ನುತ್ತಿದ್ದರು. ಅವಳು ಹೆಜ್ಜೆ ಅಕ್ಕ. ಚಿತ್ರೀಕರಣದಲ್ಲಿ ಮೈಕು ಬಾಯಿಯ ಹತ್ತಿರ ಇರುತ್ತದೆ, ಕಾಲಿನ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಆ ಕಾಲುಗಳಿಗೆ ಆಮೇಲೆ, ಪರದೆ ನೋಡಿಕೊಂಡು, ಈ ಕೋಣೆಯಲ್ಲಿ ಸದ್ದು ಕೊಡುವುದು ಅವಳ ಕೆಲಸ. ಮೂವತ್ತೊಂದು ವರ್ಷದಲ್ಲಿ ನಾಯಕರು, ಖಳರು, ಪೊಲೀಸರು, ಮದುಮಗಳು, ಒಂದೆರಡು ಕುದುರೆ, ಎಲ್ಲರೂ ಅವಳ ಮೊಣಕಾಲನ್ನೇ ನಂಬಿ ನಡೆದಿದ್ದರು. ಕೋಣೆಯ ನೆಲವನ್ನು ಚೌಕಚೌಕವಾಗಿ ಕೊರೆದು ಏಳು ಗುಂಡಿ ಮಾಡಿದ್ದರು: ಮರಳು, ಜಲ್ಲಿ, ಹಲಗೆ, ಸಿಮೆಂಟು, ಕಲ್ಲು, ಒಣ ಎಲೆ, ನೀರು ನಿಲ್ಲುವ ತಗಡಿನ ತೊಟ್ಟಿ. ಗೋಡೆಯುದ್ದಕ್ಕೂ ಚಪ್ಪಲಿ ಬೂಟುಗಳ ಸಾಲು. ದೊಡ್ಡವಕ್ಕೆ ಬಟ್ಟೆ ತುರುಕಿ, ಚಿಕ್ಕವಕ್ಕೆ ಹಿಮ್ಮಡಿ ಹೊರಗೆ ಬಿಟ್ಟು ಅವಳು ಎಲ್ಲರೊಳಗೂ ಹೊಕ್ಕುಬರುತ್ತಿದ್ದಳು.

ಅವಳು ಬೂಟು ಕಳಚಿ, ಒಂದೇ ಕಾಲಿನ ಹೀಲ್ಸಿನಲ್ಲಿ ಕುಂಟುತ್ತ ಮಿಕ್ಸಿಂಗ್ ರೂಮಿಗೆ ಬಂದಳು. ಸೋಫಾದ ಮೇಲೆ ಗಿಣಿ ಕಾಲು ಮಡಚಿ ಕೂತು ಬಿಸಿನೀರು ಕುಡಿಯುತ್ತಿದ್ದಳು. ಗಿಣಿ ನಾಯಕಿಯರಿಗೆ ಕಂಠದಾನ ಮಾಡುವವಳು, ಐವತ್ತರ ಹೆಂಗಸು, ದನಿಗೆ ಮಾತ್ರ ಹತ್ತೊಂಬತ್ತು ದಾಟಿರಲಿಲ್ಲ.

ವರ್ಷಕ್ಕೊಮ್ಮೆ, ಚಲನಚಿತ್ರ ಪ್ರಶಸ್ತಿಯ ನಾಮನಿರ್ದೇಶನದ ಪಟ್ಟಿ ಹೊರಬೀಳುವ ಹಿಂದಿನ ದಿನ, ಆ ಸ್ಟುಡಿಯೋದ ಮಂದಿ ತಮ್ಮ ತಮ್ಮ ಊಹೆಯನ್ನು ರದ್ದಿ ಹಾಳೆಯ ಬೆನ್ನಿಗೆ ಬರೆದು ಖಾಲಿ ರೀಲಿನ ಡಬ್ಬಿಗೆ ಹಾಕುತ್ತಿದ್ದರು. ಹೆಚ್ಚು ಸರಿಯಾದವರಿಗೆ ಒಂದು ವರ್ಷದ ಮಟ್ಟಿಗೆ ಮಿಕ್ಸಿಂಗ್ ರೂಮಿನ ಒರಗುಕುರ್ಚಿ. ನಾಲ್ಕು ವರ್ಷದಿಂದ ಆ ಕುರ್ಚಿ ಹೆಜ್ಜೆ ಅಕ್ಕನದೇ. ಅವಳ ನಾಲಿಗೆಯ ಮೇಲೆ ಮಚ್ಚೆ ಇದೆ, ಅಂದದ್ದು ಆಗಿಬಿಡುತ್ತದೆ ಎಂದು ಫೇಡರ್ ಹೇಳಿಕೊಂಡು ತಿರುಗುತ್ತಿದ್ದ. ಮಚ್ಚೆಯೂ ಇಲ್ಲ ಮಣ್ಣೂ ಇಲ್ಲ. ಅವಳು ಸಿನಿಮಾದಲ್ಲಿ ಮುಖ ನೋಡುತ್ತಿರಲಿಲ್ಲ, ಅಷ್ಟೇ.

"ನಟ?" ಫೇಡರ್ ಪೆನ್ನು ಕಚ್ಚಿ ಕೇಳಿದ.

"ಬರಿಗಾಲಲ್ಲಿ ನಡೆದೋರನ್ನೆಲ್ಲ ಬರ್ಕೋ. ಈ ವರ್ಷ ನಾಲ್ಕು ಜನ ನಡೆದಿದ್ದಾರೆ. ಐದನೆಯವನು ಒಂದೇ ಕಾಲಿಗೆ ಚಪ್ಪಲಿ ಹಾಕಿದ್ನಲ್ಲ, ಅವನೂ ಬರ್ತಾನೆ."

"ಆ ಪೊಲೀಸ್ ಪಿಕ್ಚರ್ ಹೀರೋ? ಜನ ಶಿಳ್ಳೆ ಹೊಡ್ದು ಹೊಡ್ದು ತುಟಿ ಒಡ್ಕೊಂಡ್ರಲ್ಲ ಅಕ್ಕಾ."

"ಅವನದು ಪಾಲಿಶ್ ಬೂಟು. ಬೂಟು ಹಾಕ್ಕೊಂಡೋರು ಥಿಯೇಟರ್ ತುಂಬಿಸ್ತಾರೆ. ತೀರ್ಪುಗಾರರ ಕಣ್ಣಲ್ಲಿ ನೀರು ತುಂಬಿಸ್ಬೇಕಾದ್ರೆ ಪಾದ ಬಿರುಕು ಬಿಟ್ಟಿರ್ಬೇಕು."

"ನಟಿ?"

"ಐದರಲ್ಲಿ ಇಬ್ಬರು ನಾನೇ," ಗಿಣಿ ಲೋಟದೊಳಗಿಂದಲೇ ಅಂದಳು. "ಒಬ್ಬಳು ನೆಗಡಿ ಬಂದಾಗಲೂ ನನಗೆ ಫೋನ್ ಮಾಡಿ ಕೆಮ್ಮಿಸ್ಕೊಂಡಳು. ಅಭಿನಂದನೆ ಹೇಳೋಕೆ ಕನ್ನಡಿ ಮುಂದೆ ನಿಂತ್ಕೋಬೇಕು ನಾನು."

ಮೂವರೂ ನಕ್ಕರು. ಚೀಟಿ ತುಂಬುತ್ತ ಹೋಯಿತು. ಅಲ್ಲಿ ಒಂದು ನಿಯಮವಿತ್ತು, ಯಾರೂ ಬರೆದಿಟ್ಟದ್ದಲ್ಲ: ತಾನು ಕೆಲಸ ಮಾಡಿದ ಚಿತ್ರವನ್ನು ತಾನೇ ಬರೆಯಬಾರದು. ಆಸೆ ಬೆರೆತರೆ ಊಹೆ ಹುಳಿಯುತ್ತದೆ. ಹೆಜ್ಜೆ ಅಕ್ಕ ಮೂವತ್ತು ವರ್ಷ ಆ ನಿಯಮ ಪಾಲಿಸಿದವಳು, ಈ ಸಲ 'ಧ್ವನಿ ವಿನ್ಯಾಸ' ಎಂಬ ಸಾಲಿನ ಮುಂದೆ ತನ್ನದೇ ಚಿತ್ರದ ಹೆಸರು ಬರೆದು, ಯಾರೂ ನೋಡುವ ಮೊದಲು ಹಾಳೆ ಮಡಚಿ ಡಬ್ಬಿಗೆ ಹಾಕಿದಳು.

ಕಾರಣವಿತ್ತು. ಮೂರು ತಿಂಗಳ ಹಿಂದೆ ಸ್ಟುಡಿಯೋದ ಯಜಮಾನರು ಹೆಜ್ಜೆ ರೂಮಿನ ಬಾಗಿಲಲ್ಲಿ ನಿಂತು, ಮರಳು ತಾಗೀತೆಂದು ಪ್ಯಾಂಟು ಎತ್ತಿ ಹಿಡಿದುಕೊಂಡು, "ಕಂಪ್ಯೂಟರ್‌ನಲ್ಲಿ ಹನ್ನೆರಡು ಸಾವಿರ ಹೆಜ್ಜೆ ರೆಡಿ ಇವೆಯಂತಮ್ಮ. ಬಟನ್ ಒತ್ತಿದ್ರೆ ನಡೆಯುತ್ತೆ," ಎಂದಿದ್ದರು.

"ನಡೆಯುತ್ತೆ ಸಾರ್. ಯಾರು ನಡೀತಿದ್ದಾರೆ ಅಂತ ಗೊತ್ತಾಗಲ್ಲ, ಅಷ್ಟೇ."

"ಯಾರಿಗೆ ಬೇಕು ಅದು?" ಅವರು ಸ್ವಲ್ಪ ಹೊತ್ತು ಜಲ್ಲಿಯ ಗುಂಡಿಯನ್ನೇ ನೋಡಿದರು. ಕೆಟ್ಟವರಲ್ಲ, ಜಾಗ ಖಾಲಿ ಬಿದ್ದರೆ ನಿದ್ದೆ ಬಾರದ ಮನುಷ್ಯ. "ಒಂದು ಮಾತು ಹೇಳ್ತೀನಿ. ನಿಮ್ಮ ಆ ಮೆಟ್ಟಿಲು ಪಿಕ್ಚರ್ ಬಗ್ಗೆ ಎಲ್ಲ ಮಾತಾಡ್ತಿದ್ದಾರೆ. ಈ ರೂಮಿನ ಕೆಲಸ ಪಟ್ಟಿಗೆ ಬಂದ್ರೆ ರೂಮು ಇರುತ್ತೆ. ಬರದೇ ಹೋದ್ರೆ ಡಬ್ಬಿಂಗ್ ಬೂತ್ ಮಾಡ್ತೀನಿ, ನೀವೂ ಬೇಜಾರು ಮಾಡ್ಕೋಬಾರ್ದು."

ಮೆಟ್ಟಿಲು ಪಿಕ್ಚರ್ ಎಂದರೆ ಇದು: ಆಸ್ಪತ್ರೆಯಲ್ಲಿ ನೆಲ ಒರೆಸುವ ಒಬ್ಬ ತಾಯಿ, ಲಿಫ್ಟ್ ಕೆಟ್ಟಿರುವ ಹಳೆಯ ಕಟ್ಟಡದ ಏಳನೆಯ ಮಹಡಿಗೆ ಹತ್ತುತ್ತಾಳೆ. ಮಗ ಮನೆಯಲ್ಲಿದ್ದಾನೋ ಓಡಿಹೋದನೋ ಅವಳಿಗೆ ಗೊತ್ತಿಲ್ಲ. ನಾಲ್ಕು ನಿಮಿಷ ಮಾತಿಲ್ಲ, ಸಂಗೀತವಿಲ್ಲ, ಬರೀ ಹೆಜ್ಜೆ. ಚಿತ್ರೀಕರಣ ಆ ಕಟ್ಟಡದಲ್ಲೇ ನಡೆದಿತ್ತು. ಅಲ್ಲಿ ಧ್ವನಿಗ್ರಹಣ ಮಾಡಿದವನು ಹೆಜ್ಜೆ ಅಕ್ಕನ ಸ್ವಂತ ತಮ್ಮ.

ಆ ತಮ್ಮನಿಗೆ ಈ ಕೆಲಸ ಹಿಡಿಸಿದವಳೇ ಅವಳು. ಇಪ್ಪತ್ತರ ವಯಸ್ಸಿನಲ್ಲಿ ಅವನು ಯಾವ ಕೆಲಸಕ್ಕೂ ನಿಲ್ಲದೆ ಮನೆಯಲ್ಲಿ ಉರುಳಾಡುತ್ತಿದ್ದಾಗ, ಒದ್ದೆ ಮಾಪನ್ನು ಕೈಗೆ ಕೊಟ್ಟು, ಅದನ್ನು ತಲೆಯ ಮೇಲೆ ಅಡ್ಡಲಾಗಿ ಹಿಡಿದು, ಒಂದು ಹನಿ ನೀರೂ ಬೀಳದಂತೆ ಅಡಿಗೆಮನೆಯ ಸುತ್ತ ನಡೆಸಿದ್ದಳು. ಹದಿನೈದು ದಿನ. ಹದಿನಾರನೆಯ ದಿನ ಕರೆದುಕೊಂಡು ಹೋಗಿ ತುದಿಗೆ ಮೈಕು ಕಟ್ಟಿದ ಬೂಮ್ ಕೋಲು ಹಿಡಿಯಲು ಸೇರಿಸಿದಳು.

ಅದೇ ತಮ್ಮ ಒಂದು ಮಧ್ಯಾಹ್ನ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬಂದು ಅವಳ ಮುಂದೆ ಕುಕ್ಕರಿಸಿದ್ದ. "ಅಕ್ಕಾ, ಪೂರ್ತಿ ಹಾಳಾಗಿದೆ. ಕಟ್ಟಡದ ನೀರಿನ ಪಂಪು ಇಡೀ ದಿನ ಗುಂಯ್ ಅಂತಿತ್ತು. ನಿಲ್ಸಿ ಅಂದ್ರೆ ಬಾಡಿಗೆದಾರರು ಹೊಡೆಯೋಕೆ ಬಂದ್ರು. ಡೈರೆಕ್ಟರ್‌ಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ. ಉಳಿಸು."

ಅವಳು ಕೇಳಿದಳು. ಪಂಪು ಹಾಗಿರಲಿ, ಹೆಜ್ಜೆಯೇ ಸುಳ್ಳಾಗಿತ್ತು. ಬಣ್ಣ ಹಚ್ಚಿ ಸುಕ್ಕು ಬರೆದ ನಟಿಯ ಮುಖಕ್ಕೆ ಐವತ್ತು, ಕಾಲಿಗೆ ಇಪ್ಪತ್ತೆಂಟು. ಜಿಂಕೆಯ ಹಾಗೆ ಹತ್ತಿಹೋಗಿದ್ದಳು.

ಆರು ದಿನ ಅವಳು ಆ ದೃಶ್ಯ ನಡೆದಳು. ಸಿಮೆಂಟಿನ ಗುಂಡಿಯಲ್ಲಿ ಸರಿಹೋಗದೆ ಸ್ಟುಡಿಯೋದ ಹಿಂಭಾಗದ ಮೆಟ್ಟಿಲಿಗೆ ಮೈಕು ಎಳೆಸಿದಳು. ಸವೆದ ರಬ್ಬರ್ ಚಪ್ಪಲಿ, ಒಂದರ ಪಟ್ಟಿ ದಾರದಲ್ಲಿ ಹೊಲಿದದ್ದು. ಎರಡನೆಯ ಮಹಡಿಯವರೆಗೆ ಆತುರ. ಮೂರರಲ್ಲಿ ಉಸಿರು. ನಾಲ್ಕನೆಯ ಮಹಡಿಯಲ್ಲಿ ನಟನೆ ಮುಗಿದು ಅವಳದೇ ಮೊಣಕಾಲು ಕೈಕೊಟ್ಟಿತು, ಒಂದು ಕಾಲು ಎಳೆಯತೊಡಗಿತು. "ನಿಲ್ಸೋಣ ಅಕ್ಕಾ," ಎಂದ ಫೇಡರ್. "ಬಾಯ್ಮುಚ್ಚಿ ರೆಕಾರ್ಡ್ ಮಾಡು." ಮೇಲಿನ ಮೂರು ಮಹಡಿಗಳನ್ನು ಅವಳು ಹಲ್ಲು ಕಚ್ಚಿ ಹತ್ತಿದ್ದಳು, ಅಂದಿನಿಂದ ಮೊಣಕಾಲು ಸರಿಹೋಗಿಲ್ಲ. ಎಲ್ಲ ಮುಗಿದ ಮೇಲೆ ಫೇಡರ್ ಪಂಪಿನ ಗುಂಯ್ಗುಡಿಕೆಯನ್ನು ತೆಗೆದುಹಾಕಲು ಹೊರಟ. ಅವಳೇ ತಡೆದಳು.

"ಅದು ಅಡೀಲಿ ಸ್ವಲ್ಪ ಇರ್ಲಿ. ಪೂರ್ತಿ ತೆಗೆದ್ರೆ ಸ್ಟುಡಿಯೋ ವಾಸನೆ ಬರುತ್ತೆ. ಇದ್ರೆ ಅಲ್ಲೇ ನಡೆದ ಹಾಗೆ ಇರುತ್ತೆ, ಹೊಲಿಗೆ ಕಾಣಲ್ಲ."

ಹೊಲಿಗೆ ಕಾಣಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಮಿಕ್ಸಿಂಗ್ ರೂಮಿನ ದೊಡ್ಡ ಪರದೆಯ ಮೇಲೆ ಒಬ್ಬ ನಟ, ಒಬ್ಬ ನಟಿ ನಿಂತು ಹೆಸರುಗಳನ್ನು ಓದಿದರು. ಓದುವವರ ಉಚ್ಚಾರ ಕೇಳಿ ಗಿಣಿ ಎರಡು ಸಲ ಹಣೆ ಚಚ್ಚಿಕೊಂಡಳು. ಬರಿಗಾಲಿನವರು ನಾಲ್ವರೂ ಬಂದರು, ಒಂಟಿ ಚಪ್ಪಲಿಯವನೂ ಬಂದ. ಗಿಣಿಯ ಎರಡು ಗಂಟಲೂ ಬಂದವು. ಯಜಮಾನರು ಬಾಗಿಲಿಗೆ ಒರಗಿ ನಿಂತು, "ಏನಮ್ಮಾ, ತೀರ್ಪುಗಾರರ ಮನೆಗೆ ಟೀ ಕುಡಿಯೋಕೆ ಹೋಗ್ತೀರಾ?" ಎಂದು ಚೇಷ್ಟೆ ಮಾಡಿದರು. ಅವಳು ನಗಲಿಲ್ಲ. ಧ್ವನಿ, ಪ್ರಸಾಧನ, ಉಡುಪು ಇವುಗಳನ್ನು ಓದಿ ಹೇಳುವುದಿಲ್ಲ, ಆಮೇಲೆ ಜಾಲತಾಣದಲ್ಲಿ ಹಾಕುತ್ತಾರೆ. ದೇಹವನ್ನು ತೋರಿಸಿ ಅಸ್ಥಿಪಂಜರವನ್ನು ಅಂಚೆಯಲ್ಲಿ ಕಳಿಸಿದ ಹಾಗೆ.

ಪುಟ ತೆರೆಯಲು ಹನ್ನೆರಡು ನಿಮಿಷ ಹಿಡಿಯಿತು. ಎಲ್ಲರೂ ಒಟ್ಟಿಗೆ ಒತ್ತುತ್ತಿದ್ದರೇನೋ. ಫೇಡರ್ ಪುಟ ಸರಿಸಿದ. ಧ್ವನಿ ವಿನ್ಯಾಸ: ಐದು ಚಿತ್ರ. ಒಂದರಲ್ಲಿ ಯುದ್ಧ, ಒಂದರಲ್ಲಿ ಭೂತ, ಎರಡರಲ್ಲಿ ಕಾರು, ಒಂದರಲ್ಲಿ ಯುದ್ಧವೂ ಭೂತವೂ. ಮೆಟ್ಟಿಲು ಇರಲಿಲ್ಲ.

ಫೇಡರನ ಬೆರಳು ಇನ್ನೂ ಕೆಳಗೆ ಸರಿಸುತ್ತಲೇ ಇತ್ತು, ನಿಲ್ಲಿಸಲು ಮರೆತವನ ಹಾಗೆ. ಆಮೇಲೆ ಅವನು, "ಅರೆ," ಎಂದ.

ಸ್ಥಳ ಧ್ವನಿಗ್ರಹಣ. ಎರಡನೆಯ ಹೆಸರು ತಮ್ಮನದು. ಕೆಳಗೆ ಆಯ್ಕೆ ಸಮಿತಿಯ ಎರಡು ಸಾಲಿನ ಮೆಚ್ಚುಗೆಯೂ ಇತ್ತು, ಗಿಣಿ ಅದನ್ನು ಓದಿದಳು, ಯಾವ ಪಾತ್ರದ ದನಿಯಲ್ಲೂ ಅಲ್ಲ, ತನ್ನದೇ ಒಡಕು ದನಿಯಲ್ಲಿ: "ಕಟ್ಟಡದ ಪಂಪಿನ ಸದ್ದನ್ನೂ ಮರೆಮಾಚದೆ, ಸ್ಟುಡಿಯೋದ ಕೃತಕ ಹೆಜ್ಜೆಗಳಿಗೆ ಮೊರೆಹೋಗದೆ, ಒಬ್ಬ ತಾಯಿಯ ನಿಜವಾದ ನಡಿಗೆಯನ್ನು ಹಿಡಿದುಕೊಟ್ಟದ್ದಕ್ಕಾಗಿ."

"ಇದೇನಿದು," ಎಂದ ಫೇಡರ್. "ಆ ಕಾಲು..." ಅವನು ಹೆಜ್ಜೆ ಅಕ್ಕನ ಕಾಲು ನೋಡಿದ. ಎಲ್ಲರೂ ನೋಡಿದರು. ಅವಳು ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡಳು.

"ನಮ್ಮ ಡೈರೆಕ್ಟರ್ ಕೆಲಸ ಇರ್ಬೇಕು ಇದು," ಎಂದರು ಯಜಮಾನರು. "ಹೋದ ಕಡೆಯೆಲ್ಲ ನಂದು ಎಲ್ಲಾ ನಿಜ, ಎಲ್ಲಾ ನಿಜ ಅಂತಿದ್ರು. ಆ ಪಟ್ಟೀಲಿ ಸ್ಪರ್ಧೆನೂ ಕಮ್ಮಿ ನೋಡಿ." ಆಮೇಲೆ ಗಂಟಲು ಸರಿಮಾಡಿಕೊಂಡು, "ಆದ್ರೂ ಅಮ್ಮಾ, ಮನೇಗೇ ಬಂತಲ್ಲ, ತಮ್ಮನಿಗೆ," ಎಂದು, ಆ ಮಾತು ಬಿದ್ದ ರೀತಿ ತಮಗೇ ಹಿಡಿಸದೆ ಹೊರಟುಹೋದರು.

ಡಬ್ಬಿ ತೆರೆದು ಚೀಟಿ ಲೆಕ್ಕ ಹಾಕಿದಾಗ ಮತ್ತೆ ಅವಳೇ ಗೆದ್ದಿದ್ದಳು. ಒಂದೇ ಒಂದು ತಪ್ಪು. ಫೇಡರ್ ಅವಳ ಚೀಟಿಯಲ್ಲಿ ಆ ಸಾಲು ನೋಡಿದ, ಏನೂ ಹೇಳದೆ ಮಡಚಿದ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ತಮ್ಮನ ಫೋನು ಮಧ್ಯಾಹ್ನ ಬಂತು. "ಅಕ್ಕಾ, ನನಗೇ ಗೊತ್ತಿರ್ಲಿಲ್ಲ, ಆಣೆಗೂ. ಡೈರೆಕ್ಟರ್ ಅರ್ಜಿ ಹಾಕಿದ್ದು. ನಾನು ಹೇಳ್ತೀನಿ ಅಕ್ಕ ಎಲ್ಲರಿಗೂ. ನಿನ್ನ ಹೆಸರು ಹೇಳ್ದೇ ಇರ್ತೀನಾ?"

"ಹೇಳು," ಎಂದಳು ಅವಳು.

"ಹೇಳ್ತೀನಿ. ಪತ್ರಿಕೆಯವ್ರು ಬಾಗಿಲಲ್ಲೇ ನಿಂತಿದ್ದಾರೆ, ಆಮೇಲೆ ಮಾಡ್ತೀನಿ."

ಮಾರನೆಯ ದಿನದ ಪತ್ರಿಕೆಯಲ್ಲಿ ನಾಮನಿರ್ದೇಶಿತರ ಪ್ರತಿಕ್ರಿಯೆಗೆ ಒಂದು ಇಡೀ ಪುಟವಿತ್ತು. ಎಲ್ಲರೂ ಒಂದೇ ದರ್ಜಿಯ ಹತ್ತಿರ ಹೊಲಿಸಿಕೊಂಡ ಮಾತು: ಇದು ನನ್ನೊಬ್ಬನದಲ್ಲ, ಇಡೀ ತಂಡದ್ದು, ನಿರೀಕ್ಷೆಯೇ ಇರಲಿಲ್ಲ, ಕಣ್ಣಲ್ಲಿ ನೀರು ಬಂತು. ನಿರೀಕ್ಷೆಯೇ ಇರಲಿಲ್ಲ ಎಂದವನು ಹೋದ ವಾರವೇ ಕೋಟು ಹೊಲಿಸಿದ್ದು ಗಿಣಿಗೆ ಗೊತ್ತಿತ್ತು. ಕೆಳಗಿನ ಮೂಲೆಯಲ್ಲಿ ತಮ್ಮನ ಚಿಕ್ಕ ಫೋಟೋ, ಹೆಡ್‌ಫೋನ್ ಕುತ್ತಿಗೆಗೆ ಹಾಕಿಕೊಂಡು. "ಆ ತಾಯಿಯ ಹೆಜ್ಜೆಗಳಿಗಾಗಿ ಹನ್ನೊಂದು ದಿನ ಮೆಟ್ಟಿಲ ಮೇಲೆ ಕಾದು ಕೂತಿದ್ದೆ. ಸತ್ಯವನ್ನು ಕಾಯಬೇಕು, ತಯಾರಿಸಬಾರದು."

ಹೆಜ್ಜೆ ಅಕ್ಕ ಅದನ್ನು ಎರಡು ಸಲ ಓದಿದಳು. 'ತಯಾರಿಸಬಾರದು' ಎಂಬ ಮಾತು ಅವನ ಬಾಯಿಯದಲ್ಲ, ನಿರ್ದೇಶಕರದು. ಆದರೆ ಹನ್ನೊಂದು ದಿನ ಅವನದೇ. ಚಿಕ್ಕಂದಿನಿಂದಲೂ ಅವನು ಸುಳ್ಳು ಹೇಳುವಾಗ ಬೆಸ ಸಂಖ್ಯೆಯನ್ನೇ ಹೇಳುತ್ತಿದ್ದ, ನಂಬಿಕೆ ಬರಲಿ ಅಂತ.

ಅಂದು ಮಧ್ಯಾಹ್ನ ಒಬ್ಬ ಗಾರೆ ಮೇಸ್ತ್ರಿ ಅಳತೆ ಟೇಪು ಹಿಡಿದು ಹೆಜ್ಜೆ ರೂಮಿಗೆ ಬಂದ. ಅವಳು ಆಗ ಮರಳಿನ ಮೇಲೆ ಒಬ್ಬ ಸೈನಿಕನನ್ನು ಓಡಿಸುತ್ತಿದ್ದಳು. ಆತ ಮರ್ಯಾದಸ್ಥ, ಟೇಕ್ ಮುಗಿಯುವವರೆಗೆ ಬಾಗಿಲಲ್ಲೇ ಕಾದ. ಆಮೇಲೆ ಗುಂಡಿಗಳನ್ನು ಒಂದೊಂದಾಗಿ ಅಳೆದು, "ಇವನ್ನೆಲ್ಲ ಮುಚ್ಚೋಕೆ ಒಂದೂವರೆ ದಿನ ಸಾಕು ತಾಯಿ. ಆದ್ರೆ ಇದೆಲ್ಲ ಯಾಕೆ ತೋಡಿದ್ರು? ಪೈಪ್ ಏನಾದ್ರೂ ಒಡೆದಿತ್ತಾ?" ಎಂದು ಕೇಳಿದ.

"ಹೂಂ," ಎಂದಳು ಅವಳು. "ಒಡೆದಿತ್ತು."

ಯಜಮಾನರನ್ನು ಕೇಳಲು ಹೋದಳು. ಅವರು ಕುರ್ಚಿ ತೋರಿಸಿದರು, ಅವಳು ಕೂರಲಿಲ್ಲ.

"ಪಟ್ಟಿಗೆ ಬಂತಲ್ಲ ಸಾರ್, ನಮ್ಮ ಕೆಲಸಾನೇ ಅದು. ನಿಮಗೂ ಗೊತ್ತು."

"ನನಗೆ ಗೊತ್ತಮ್ಮ. ಆದ್ರೆ ಪಟ್ಟೀಲಿ ಏನಂತಿದೆ? ಸ್ಟುಡಿಯೋದಲ್ಲಿ ಮಾಡ್ದೇ ಇರೋದೇ ಚೆನ್ನಾಗಿದೆ ಅಂತಿದೆ. ನಾಳೆ ನಾನು ಯಾವ ಮುಖ ಇಟ್ಕೊಂಡು ಬನ್ನಿ ಸಾರ್, ನಮ್ಮಲ್ಲಿ ಹೆಜ್ಜೆ ರೂಮಿದೆ ಅಂತ ಹೇಳ್ಲಿ? ಈಗಾಗ್ಲೇ ಇಬ್ಬರು ನಿರ್ಮಾಪಕರು ಫೋನ್ ಮಾಡಿ ನಮಗೆ ಅದೆಲ್ಲ ಬೇಡ, ಅಲ್ಲೇ ಹಿಡೀತೀವಿ ಅಂದ್ರು. ನೀವು ಅಷ್ಟು ಚೆನ್ನಾಗಿ ಮಾಡ್ಬಾರದಿತ್ತು, ಅಷ್ಟೇ."

ವಾಪಸು ಬಂದು ಅವಳು ಸೈನಿಕನ ಉಳಿದ ಓಟ ಮುಗಿಸಿದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡದ್ದು ಎಷ್ಟು ನಾಜೂಕಾಗಿ, ಎಷ್ಟು ಸದ್ದಿಲ್ಲದೆ ಆಗಿತ್ತು! ಪಂಪಿನ ಗುಂಯ್ಗುಡಿಕೆ ಇರಲಿ ಅಂದವಳು ಅವಳೇ. ಅದೊಂದನ್ನು ತೆಗೆದುಬಿಟ್ಟಿದ್ದರೆ ಒಂದು ಕೂದಲೆಳೆಯಷ್ಟು ಸ್ಟುಡಿಯೋ ಕಾಣುತ್ತಿತ್ತು, ಯಾರಾದರೊಬ್ಬ ಕಿವಿಯುಳ್ಳವನು, ಇಲ್ಲಿ ಯಾರೋ ಕೂತು ಮಾಡಿದ್ದಾರೆ ಎನ್ನುತ್ತಿದ್ದ. ಕಳ್ಳರೂ ಒಂದು ಗುರುತು ಬಿಟ್ಟುಹೋಗುತ್ತಾರೆ. ಅವಳು ಅದನ್ನೂ ಬಿಟ್ಟಿರಲಿಲ್ಲ.

ನಾಲ್ಕನೆಯ ದಿನ ತಮ್ಮ ಬಂದ. ಒಬ್ಬನೇ ಬರಲಿಲ್ಲ, ಹಿಂದೆ ಯಜಮಾನರಿದ್ದರು. ಬೆಳಿಗ್ಗೆ ಹತ್ತರ ಹೊತ್ತು, ಅವಳು ಒಣ ಎಲೆಗಳ ಗುಂಡಿಯ ಪಕ್ಕ ಮಣೆ ಹಾಕಿಕೊಂಡು ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ತಮ್ಮ ಹೊಸ ಅಂಗಿ ಹಾಕಿದ್ದ. ಬಂದವನೇ ಬಗ್ಗಿ ಪಟ್ಟಿಯ ತುದಿ ಹಿಡಿದುಕೊಂಡು ಅವಳು ಸುತ್ತಲು ಅನುಕೂಲ ಮಾಡಿಕೊಟ್ಟ.

"ಬಿಗಿಯಾಯ್ತಾ?"

"ಸಾಕು ಬಿಡು. ಏನು ಬಂದೆ?"

ಅವನು ಯಜಮಾನರ ಮುಖ ನೋಡಿದ. ಅವರು ಛಾವಣಿ ನೋಡಿದರು. ಕೊನೆಗೆ ತಮ್ಮ ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದ.

"ಯಾರೋ ಹೊಟ್ಟೆಕಿಚ್ಚಿನವರು ಸಮಿತಿಗೆ ದೂರು ಕೊಟ್ಟಿದ್ದಾರೆ ಅಕ್ಕಾ. ಮೆಟ್ಟಿಲಿನ ಹೆಜ್ಜೆ ಆಮೇಲೆ ಸೇರಿಸಿದ್ದು ಅಂತ. ಸೇರಿಸಿದ್ರೆ ಹೆಸರು ತೆಗೀತಾರೆ. ಚಿತ್ರಕ್ಕೆ ಹೆಜ್ಜೆ ಕೆಲಸ ಮಾಡಿದೋರ ಹತ್ರ ಒಂದು ಪತ್ರ ಕೇಳಿದ್ದಾರೆ. ಅಷ್ಟೇ, ಒಂದು ಫಾರ್ಮಾಲಿಟಿ."

ಅವಳು ಓದಿದಳು. ಮೇಲ್ಕಂಡ ದೃಶ್ಯದಲ್ಲಿನ ಹೆಜ್ಜೆಗಳೆಲ್ಲವೂ ಚಿತ್ರೀಕರಣದ ಸ್ಥಳದಲ್ಲಿಯೇ ದಾಖಲಾದವು ಎಂದೂ, ನಾನು ಕೆಲವು ಪೂರಕ ಸದ್ದುಗಳನ್ನು ಮಾತ್ರ ಒದಗಿಸಿರುವುದಾಗಿಯೂ ಈ ಮೂಲಕ ದೃಢೀಕರಿಸುತ್ತೇನೆ. ಕೆಳಗೆ ಗೆರೆ, ಗೆರೆಯ ಕೆಳಗೆ ಅವಳ ಹೆಸರು, ತಪ್ಪಿಲ್ಲದೆ ಟೈಪಾಗಿತ್ತು. ಈ ಇಡೀ ಪ್ರಸಂಗದಲ್ಲಿ ಅವಳ ಹೆಸರು ಅಚ್ಚಾದದ್ದು ಅದೊಂದೇ ಕಡೆ.

"ಪೂರಕ ಸದ್ದು ಅಂದ್ರೆ?"

"ಬಾಗಿಲು, ಬೀಗದಕೈ, ಅಂಥದ್ದು."

"ಬೀಗದಕೈ," ಎಂದಳು ಅವಳು.

"ಅಕ್ಕಾ, ಕೇಳು. ಇಪ್ಪತ್ತೊಂದು ವರ್ಷ ಕೋಲು ಹಿಡಿದಿದ್ದೀನಿ. ಭುಜ ನೋಡು, ಒಂದು ಕಡೆ ಇಳಿದುಹೋಗಿದೆ. ಸೆಟ್‌ನಲ್ಲಿ ನನ್ನನ್ನ ಏಯ್ ಬೂಮು ಅಂತ ಕರೀತಾರೆ, ಮನುಷ್ಯ ಅಂತಲ್ಲ. ಮೊನ್ನೆ ಮೊದಲನೇ ಸಲ ಹೆಸರು ಹಿಡಿದು ಕರೆದ್ರು. ನನ್ನ ಮಗಳು ಆ ಪತ್ರಿಕೆ ತುಂಡನ್ನ ಕಪಾಟಿನ ಬಾಗಿಲಿಗೆ ಅಂಟಿಸ್ಕೊಂಡಿದ್ದಾಳೆ. ಈಗ ಸುಳ್ಳು ಅಂತ ಆದ್ರೆ ಯಾವನು ನನ್ನ ಸೇರಿಸ್ತಾನೆ? ಹೊಟ್ಟೆಗೆ ಹಾಕ್ಕೋ."

ಅವನು ನಾಟಕ ಮಾಡುತ್ತಿರಲಿಲ್ಲ. ಭುಜ ನಿಜವಾಗಿಯೂ ಇಳಿದಿತ್ತು, ಅದು ಅವಳಿಗೆ ಮೊದಲೇ ಕಂಡಿತ್ತು. ಅವಳಿಗೆ ಒಂದು ಗಳಿಗೆ ಆ ಅಡಿಗೆಮನೆ, ಒದ್ದೆ ಮಾಪು ನೆನಪಾದವು. ಅದಾದ ಮೇಲೆ ಕೇಳಿದಳು:

"ಆ ದೃಶ್ಯದಲ್ಲಿ ನೂರ ಎಪ್ಪತ್ತಾರು ಹೆಜ್ಜೆ. ಅದರಲ್ಲಿ ಒಂದು ನಿಂದು. ನಿನ್ನ ಡಿಸ್ಕಿಂದ ತೆಗೆದು ಹಾಗೇ ಇಟ್ಟಿದ್ದೀನಿ. ಯಾವುದು ಹೇಳು ನೋಡೋಣ?"

ತಮ್ಮ ತಬ್ಬಿಬ್ಬಾದ. "ನಾಲ್ಕನೇ ಮಹಡೀದು," ಎಂದ, ಸ್ವಲ್ಪ ಯೋಚಿಸಿ. "ಕಾಲು ಎಳೆಯೋಕೆ ಶುರು ಮಾಡ್ತಾಳಲ್ಲ, ಅದು. ಎಲ್ಲರೂ ಅದನ್ನೇ ಹೇಳ್ತಾರೆ."

"ಅದು ನನ್ನ ಮೊಣಕಾಲು." ಅವಳು ಪಟ್ಟಿಯ ಮೇಲೆ ಕೈಯಿಟ್ಟಳು. "ನಿಂದು ಮೊದಲನೇದು. ಲಿಫ್ಟ್ ಕೆಟ್ಟಿದೆ ಅಂತ ಗೊತ್ತಾಗಿ ಮೆಟ್ಟಿಲ ಕಡೆ ತಿರುಗ್ತಾಳಲ್ಲ, ಅದು. ಚೆನ್ನಾಗಿತ್ತು. ನಿಂದು ಒಂದಾದ್ರೂ ಇರ್ಲಿ ಅಂತ ಬಿಟ್ಟೆ."

ಅವನ ಮುಖದಲ್ಲಿ ಏನೋ ಬೆಳಗಿತು. ತನ್ನದನ್ನು ಅಕ್ಕ ಉಳಿಸಿದ್ದಳು ಎಂಬ ಸಂತೋಷವೇನೋ ಎಂದು ಅವಳು ಒಂದು ಉಸಿರಿನಷ್ಟು ಹೊತ್ತು ನಂಬಿದಳು.

"ಹಾಗಾದ್ರೆ ಪೂರ್ತಿ ಸುಳ್ಳಲ್ಲ!" ಅವನು ಯಜಮಾನರ ಕಡೆ ತಿರುಗಿದ. "ಕೇಳಿದ್ರಾ ಸಾರ್? ಸ್ಥಳದ್ದು ಇದೆ. ಮೊದಲನೇ ಹೆಜ್ಜೇನೇ ಸ್ಥಳದ್ದು. 'ಎಲ್ಲವೂ' ಅನ್ನೋದು ಬೇಡ ಅಂದ್ರೆ 'ಮುಖ್ಯವಾದವು' ಅಂತ ಬದಲಾಯಿಸೋಣ ಅಕ್ಕಾ. ಆಗ ನಿನ್ನ ಮನಸ್ಸಿಗೂ ಸಮಾಧಾನ."

ಯಜಮಾನರು ಈಗ ಮುಂದೆ ಬಂದರು, ಈ ಸಲ ಪ್ಯಾಂಟು ಎತ್ತಿ ಹಿಡಿಯಲಿಲ್ಲ. "ನೋಡಮ್ಮಾ, ನಾನೂ ಯೋಚನೆ ಮಾಡಿದ್ದೀನಿ. ಈ ಪಟ್ಟೀಲಿ ಚಿತ್ರ ಉಳೀಬೇಕು. ಸ್ಟುಡಿಯೋಗೂ ಹೆಸರು, ಅದನ್ನ ಮಿಕ್ಸ್ ಮಾಡಿದ್ದು ಇಲ್ಲೇ ತಾನೆ? ನೀವು ಸಹಿ ಹಾಕಿ. ಮೇಸ್ತ್ರಿಗೆ ಬರಬೇಡ ಅಂತ ಹೇಳ್ತೀನಿ. ನಿಮ್ಮ ಕೈಕಾಲು ಆಡೋವರೆಗೂ ಈ ರೂಮು ನಿಮ್ದು. ಬಾಯಿಮಾತಲ್ಲ, ಬರೆದುಕೊಡ್ತೀನಿ."

"ಇನ್ನೇನು ಬೇಕು ಅಕ್ಕಾ ನಿನಗೆ?" ಎಂದ ತಮ್ಮ. "ನೀನು ಕೇಳಿದ್ದೂ ಇದೇ ಅಲ್ವಾ? ರೂಮು ಉಳಿಯುತ್ತೆ, ನಾನೂ ಉಳೀತೀನಿ. ಯಾರಿಗೂ ನಷ್ಟ ಇಲ್ಲ."

ಅವನು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳವನ್ನೂ ತಾನೇ ತೆಗೆದು, ಹಿಡಿಯುವ ತುದಿಯನ್ನು ಅವಳ ಕಡೆ ಮಾಡಿ ಚಾಚಿದ. ಗಾಜಿನ ಆಚೆ ಫೇಡರ್ ಎದ್ದು ನಿಂತಿದ್ದ, ಅವನಿಗೆ ಮಾತು ಕೇಳಿಸುತ್ತಿತ್ತು, ಮೈಕು ಆನ್ ಇತ್ತು. ಅವಳು ಏಳು ಗುಂಡಿಗಳನ್ನು ಒಂದು ಸುತ್ತು ನೋಡಿದಳು. ಇಲ್ಲಿ ನಾಳೆಯಿಂದ ನಡೆಯಬಹುದು. ಯಾರ ಪರವಾಗಿ ಬೇಕಾದರೂ ನಡೆಯಬಹುದು, ನಡೆಯಲೇ ಇಲ್ಲ ಎಂದು ಬರೆದುಕೊಟ್ಟ ಕಾಲಿನಲ್ಲಿ.

ಹಾಳೆಯನ್ನು ಅವನ ಹೊಸ ಅಂಗಿಯ ಜೇಬಿಗೆ ವಾಪಸು ಇಟ್ಟಳು.

"ಇವತ್ತೇ ಅನ್ನೋದೇನಿಲ್ಲಮ್ಮ," ಎಂದರು ಯಜಮಾನರು. "ನಾಳೆ ಸಂಜೆವರೆಗೂ ಟೈಮಿದೆ. ನಿಧಾನವಾಗಿ ಯೋಚನೆ ಮಾಡಿ."

"ಬೇಡ ಸಾರ್," ಎಂದಳು ಹೆಜ್ಜೆ ಅಕ್ಕ. "ನಾನು ಸಹಿ ಹಾಕಲ್ಲ."